ಅರವತ್ತರ ನಾಯಕರಿಗೆ ದಿಬ್ಬೂರಹಳ್ಳಿಯಿಂದ ಬಹಿರಂಗ ಪತ್ರ

ಕನ್ನಡದ ಹಿರಿಯ ನಾಯಕನಟರಿಗೆ,

ಶಿಡ್ಲಘಟ್ಟ ತಾಲ್ಲೂಕಿನ ದಿಬ್ಬೂರಹಳ್ಳಿಯಿಂದ ಬರೆಯುತ್ತಿದ್ದೇನೆ.

ಈ ಪತ್ರ ನಿಮ್ಮಲ್ಲಿ ಯಾರೊಬ್ಬರ ಮೇಲಿನ ದೂರಲ್ಲ. ಎಂಬತ್ತರ ದಶಕದಲ್ಲಿ ತೆರೆಗೆ ಬಂದು, ಅರವತ್ತರ ಆಸುಪಾಸಿನಲ್ಲೂ ಪೋಸ್ಟರಿನ ನಟ್ಟನಡುವೆ ನಿಂತಿರುವ ನಿಮ್ಮೆಲ್ಲರಿಗೂ ಸೇರಿಸಿ ಬರೆಯುತ್ತಿದ್ದೇನೆ. ನಿಮ್ಮ ಸಿನಿಮಾ ನೋಡುತ್ತಲೇ ನಾವೂ ನಡುವಯಸ್ಸಿಗೆ ಬಂದವರು. ಮೊದಲ ಶಿಳ್ಳೆ ಹೊಡೆದದ್ದು ನಿಮಗೆ. ಹೆಣ್ಣು ನೋಡಲು ಹೋದಾಗ ಬಾಚಿಕೊಂಡಿದ್ದ ಕ್ರಾಪು ನಿಮ್ಮದು. ಆ ಸಲುಗೆಯಿಂದ ಹೇಳುತ್ತೇನೆ: ಈಚಿನ ವರ್ಷಗಳಲ್ಲಿ ನೀವು ಮಾಡುತ್ತಿರುವ ಸಿನಿಮಾಗಳಲ್ಲಿ ಹೆಚ್ಚಿನವು ನಿಮಗೆ ತಕ್ಕವಲ್ಲ.

ತೀರಾ ಕೆಟ್ಟವಾಗಿದ್ದರೆ ಒಂದು ಸಲ ಬೈದು ಮರೆಯುತ್ತಿದ್ದೆವು. ಇವು ಸಾಧಾರಣವಾಗಿವೆ. ಮೊದಲ ಹತ್ತು ನಿಮಿಷದಲ್ಲಿ ನಿಮ್ಮ ಪ್ರವೇಶ, ಅದಕ್ಕೊಂದು ಹೊಡೆದಾಟ, ಹೊಡೆದಾಟದ ಕೊನೆಗೆ ನಿಧಾನಗತಿಯ ನಡಿಗೆ, ಆಮೇಲೆ ಮಗಳ ವಯಸ್ಸಿನ ನಾಯಕಿಯೊಂದಿಗೆ ವಿದೇಶದಲ್ಲೊಂದು ಹಾಡು, ನಡುವೆ ನಿಮ್ಮದೇ ಹಳೆಯ ಚಿತ್ರಗಳನ್ನು ನೆನಪಿಸುವ ಸಂಭಾಷಣೆ. ಚಿತ್ರಮಂದಿರದಲ್ಲಿ ಕೆಲವು ವಾರ ಕಳೆದು, ಅದು ನಮ್ಮ ಮೊಬೈಲಿಗೆ ಬರುತ್ತದೆ. ರಾತ್ರಿ ರೇಷ್ಮೆಹುಳಕ್ಕೆ ಸೊಪ್ಪು ಹಾಕಿ ಬಂದು ಮಲಗುವ ಮುನ್ನ ನಾವು ಅದನ್ನು ತೆರೆಯುತ್ತೇವೆ. ಪ್ರೀತಿ ಇರುವುದರಿಂದಲೇ ತೆರೆಯುತ್ತೇವೆ. ಅರ್ಧ ಗಂಟೆಯೊಳಗೆ ಮುಚ್ಚುತ್ತೇವೆ. ಹಾಗೆ ಮುಚ್ಚಿದ್ದು ನಿಮಗೆ ಗೊತ್ತಾಗುವುದಿಲ್ಲ.

ಈ ಗೊತ್ತಾಗದಿರುವುದೇ ನನಗೆ ದೊಡ್ಡ ಆತಂಕವಾಗಿ ಕಾಣುತ್ತದೆ. ಟೂರಿಂಗ್ ಟಾಕೀಸಿನ ಕಾಲದಲ್ಲಿ ಸಿನಿಮಾ ಚೆನ್ನಾಗಿಲ್ಲ ಎಂಬ ಸುದ್ದಿ ನಟನಿಗೆ ತಲುಪಲು ಒಂದು ವಾರವೂ ಬೇಕಿರಲಿಲ್ಲ. ಟೆಂಟಿನ ನೆಲದ ಸೀಟಿನವನು ಇಂಟರ್‌ವಲ್‌ನಲ್ಲಿ ಬೀಡಿ ಹಚ್ಚಿ ಮನೆಯ ದಾರಿ ಹಿಡಿಯುತ್ತಿದ್ದ. ಟೆಂಟಿನ ಮಾಲೀಕ ಹಂಚಿಕೆದಾರನಿಗೆ ಹೇಳುತ್ತಿದ್ದ, ಹಂಚಿಕೆದಾರ ಬೆಂಗಳೂರಿನ ಗಾಂಧಿನಗರದ ನಿರ್ಮಾಪಕನ ಮುಂದೆ ಕೂತು ಲೆಕ್ಕ ಒಪ್ಪಿಸುತ್ತಿದ್ದ. ಮುಂದಿನ ಚಿತ್ರದ ಕಥೆ ಕೇಳುವಾಗ ನಿಮ್ಮ ಕಿವಿಯಲ್ಲಿ ಆ ಲೆಕ್ಕ ಇರುತ್ತಿತ್ತು. ಈಗ ನಾವು ಯಾವ ನಿಮಿಷಕ್ಕೆ ನಿಲ್ಲಿಸಿದೆವು, ಯಾವ ಹಾಡನ್ನು ಓಡಿಸಿದೆವು ಎಂಬುದೆಲ್ಲ ಒಟಿಟಿ ಸಂಸ್ಥೆಯ ಗಣಕದಲ್ಲಿ ದಾಖಲಾಗುತ್ತದೆ. ಹಿಂದೆಂದೂ ಇಲ್ಲದಷ್ಟು ನಿಖರವಾದ ಲೆಕ್ಕ ಅದು. ಆದರೆ ಸಾರ್ವಜನಿಕವಾಗಿ ಹೊರಗೆ ಬರುವುದಿಲ್ಲ. ನಿಮ್ಮ ಮುಂದೆ ಇರುವುದು ಅಭಿಮಾನಿ ಸಂಘದ ಹಾರ, ಟ್ರೇಲರಿನ ವೀಕ್ಷಣೆಯ ಸಂಖ್ಯೆ, ಮೊದಲ ದಿನದ ಪಟಾಕಿ. ಈ ಮೂರನ್ನು ನೋಡಿ ಸಿನಿಮಾ ಹೇಗಿದೆ ಎಂದು ಯಾವ ನಟನೂ ತಿಳಿಯಲಾರ.

ಇನ್ನು ಹಣದ ವಿಷಯ. ನಿಮ್ಮ ಹೆಸರು ಇದೆ ಎಂಬ ಒಂದೇ ಕಾರಣಕ್ಕೆ ಚಿತ್ರ ಮುಗಿಯುವ ಮೊದಲೇ ಅದರ ಹಕ್ಕುಗಳಿಗೆ ಮಾತುಕತೆ ಆರಂಭವಾಗುತ್ತದೆ. ಡಿಜಿಟಲ್ ಹಕ್ಕು, ಟಿವಿ ಹಕ್ಕು, ಹಾಡಿನ ಹಕ್ಕು, ಹಿಂದಿ ಡಬ್ಬಿಂಗ್ ಹಕ್ಕು. ಹಿಂದಿಗೆ ಡಬ್ ಮಾಡಿ ಉತ್ತರದಲ್ಲಿ ತೋರಿಸುವವರಿಗೆ ಬೇಕಾದದ್ದು ಹೊಡೆದಾಟ. ಮಾತಿನ ಸೊಗಸು ಡಬ್ಬಿಂಗಿನಲ್ಲಿ ಉಳಿಯುವುದಿಲ್ಲ, ಹೊಡೆತ ಉಳಿಯುತ್ತದೆ. ಹೀಗಾಗಿ ಕಥೆಗಾರ ನಿಮ್ಮ ಮನೆ ಬಾಗಿಲಿಗೆ ಬರುವ ಹೊತ್ತಿಗೆ ಚಿತ್ರದಲ್ಲಿ ಎಷ್ಟು ಫೈಟು ಇರಬೇಕೆಂಬುದು ನಿರ್ಧಾರವಾಗಿಬಿಟ್ಟಿರುತ್ತದೆ. ನಮ್ಮ ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಗೆ ಒಮ್ಮೆ ಬನ್ನಿ. ರಾಜ್ಯದ ದೊಡ್ಡ ಗೂಡಿನ ಮಾರುಕಟ್ಟೆಗಳಲ್ಲಿ ಅದೊಂದು. ಅಲ್ಲಿ ನೂಲು ತೆಗೆಯುವ ರೀಲರ್‌ಗಳು ಗೂಡಿನ ಲಾಟಿನ ಮುಂದೆ ನಿಂತು ಗೂಡನ್ನು ಕೈಗೆತ್ತಿಕೊಳ್ಳುತ್ತಾರೆ, ಅಮುಕುತ್ತಾರೆ, ಕಿವಿಯ ಬಳಿ ಅಲುಗಿಸುತ್ತಾರೆ, ಆಮೇಲೆ ಹರಾಜಿನಲ್ಲಿ ಬೆಲೆ ಕಟ್ಟುತ್ತಾರೆ. ಹುಳ ಗೂಡು ಕಟ್ಟಲು ಚಂದ್ರಿಕೆ ಹತ್ತುವ ಮೊದಲೇ ಗೂಡಿನ ಹಣ ರೈತನ ಕೈಸೇರುವಂತಿದ್ದರೆ ಅವನು ನಡುರಾತ್ರಿ ಎದ್ದು ಸೊಪ್ಪು ಹಾಕುತ್ತಿದ್ದನೇ? ನಿಮ್ಮ ಸುತ್ತ ಇರುವವರು ಎದ್ದು ಸೊಪ್ಪು ಹಾಕುತ್ತಿಲ್ಲ.

2020ರ ಲಾಕ್‌ಡೌನಿನಲ್ಲಿ ಒಟಿಟಿ ಹಕ್ಕಿನ ಈ ವ್ಯಾಪಾರಕ್ಕೆ ಇಂಬು ಸಿಕ್ಕಿತು. ಚಿತ್ರಮಂದಿರಗಳು ಮುಚ್ಚಿದ್ದಾಗ ಪುನೀತ್ ರಾಜ್‌ಕುಮಾರ್ ಅವರ ಪಿಆರ್‌ಕೆ ಸಂಸ್ಥೆಯ 'ಲಾ' ಜುಲೈ 17ರಂದು ನೇರವಾಗಿ ಅಮೆಜಾನ್ ಪ್ರೈಮ್‌ಗೆ ಬಂತು, ಮುಂದಿನ ವಾರ 'ಫ್ರೆಂಚ್ ಬಿರಿಯಾನಿ'. ಹೊಸ ದಾರಿ ತೆರೆಯಿತೆಂದು ನಾವೂ ಸಂಭ್ರಮಿಸಿದೆವು. ಆ ದಾರಿ ಕನ್ನಡಕ್ಕೆ ಅಗಲವಾಗಲಿಲ್ಲ. ತಮಿಳು, ತೆಲುಗು, ಮಲಯಾಳಕ್ಕೆ ಸಿಕ್ಕಷ್ಟು ಮೂಲ ಸರಣಿಗಳು ಕನ್ನಡಕ್ಕೆ ಸಿಗಲಿಲ್ಲ. ಕೊಳ್ಳುವವರ ಸಂಖ್ಯೆಯೂ ಇಳಿಯಿತು: ವೂಟ್ ಜಿಯೋ ಸಿನಿಮಾದೊಳಗೆ ಸೇರಿತು, 2025ರ ಫೆಬ್ರವರಿಯಲ್ಲಿ ಜಿಯೋ ಸಿನಿಮಾ ಮತ್ತು ಹಾಟ್‌ಸ್ಟಾರ್ ಒಂದಾದವು. ಈಗ ಕನ್ನಡ ಚಿತ್ರ ಎಂದರೆ ಮೊದಲು ಚಿತ್ರಮಂದಿರದಲ್ಲಿ ಓಡಲಿ, ಆಮೇಲೆ ನೋಡೋಣ ಎಂಬ ಉತ್ತರ. ಅಥವಾ ಜನ ಎಷ್ಟು ಗಂಟೆ ನೋಡಿದರೋ ಅಷ್ಟಕ್ಕೆ ಪಾಲು ಎಂಬ ಕರಾರು. ಇಷ್ಟು ಕಿರಿದಾದ ಬಾಗಿಲಲ್ಲಿ ಸುಲಭವಾಗಿ ತೂರುವುದು ನಿಮ್ಮ ಹೆಸರುಗಳು ಮಾತ್ರ.

ರಕ್ಷಿತ್ ಶೆಟ್ಟಿ ಅವರ ಪರಂವಃ ಸಂಸ್ಥೆ 'ಏಕಂ' ಎಂಬ ಸರಣಿ ಮಾಡಿತು. ಕರಾವಳಿಯ ಏಳು ಕಥೆಗಳು, ಪ್ರಕಾಶ್ ರಾಜ್, ರಾಜ್ ಬಿ. ಶೆಟ್ಟಿಯಂಥ ನಟರು. ಯಾವ ದೊಡ್ಡ ವೇದಿಕೆಯೂ ಅದನ್ನು ಕೊಳ್ಳಲಿಲ್ಲ. ಕೊನೆಗೆ 2024ರ ಜುಲೈ 13ರಂದು ಅವರೇ ಒಂದು ಜಾಲತಾಣ ಮಾಡಿ, ಟಿಕೆಟ್ಟಿನ ಹಾಗೆ ಹಣ ಪಡೆದು ತೋರಿಸಿದರು. ಯಶಸ್ವೀ ನಿರ್ಮಾಪಕನ ಕೈಯಲ್ಲಿದ್ದ ಒಳ್ಳೆಯ ಕೆಲಸಕ್ಕೇ ಹೀಗಾದರೆ, ಗೌರಿಬಿದನೂರಿನಿಂದಲೋ ಚಿಂತಾಮಣಿಯಿಂದಲೋ ಬೆಂಗಳೂರಿನ ಬಸ್ಸು ಹತ್ತಿ ಕಥೆ ಹಿಡಿದು ಓಡಾಡುವ ಹುಡುಗ ಹುಡುಗಿಯರಿಗೆ ಏನಾಗುತ್ತಿರಬಹುದು, ಯೋಚಿಸಿ. ಅದಕ್ಕಾಗಿಯೇ ನಿಮ್ಮ ಸಾಧಾರಣ ಸಿನಿಮಾವನ್ನು ನಾನು ನಿಮ್ಮ ಸ್ವಂತ ವಿಷಯ ಎಂದು ಬಿಡಲಾರೆ. ಕನ್ನಡಕ್ಕೆ ವರ್ಷಕ್ಕೆ ಸಿಗುವ ಬೆರಳೆಣಿಕೆಯ ಜಾಗದಲ್ಲಿ ಒಂದನ್ನು ಅದು ತೆಗೆದುಕೊಳ್ಳುತ್ತದೆ.

ಇಂಥ ಚಿತ್ರ ಮಾಡುವುದನ್ನು ನೀವು ಯಾಕೆ ನಿಲ್ಲಿಸುವುದಿಲ್ಲ ಎಂಬುದಕ್ಕೆ ದುರಾಸೆ ಎಂಬ ಉತ್ತರ ಊರಲ್ಲಿ ಸುಲಭವಾಗಿ ಸಿಗುತ್ತದೆ. ನಾನು ಅದನ್ನು ಒಪ್ಪುವುದಿಲ್ಲ. ಶಿವರಾಜ್‌ಕುಮಾರ್ ಅವರು 2024ರ ಡಿಸೆಂಬರಿನಲ್ಲಿ ಅಮೆರಿಕದ ಮಯಾಮಿಯಲ್ಲಿ ಮೂತ್ರಕೋಶದ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಅದಕ್ಕೂ ಮೊದಲು, ಚಿಕಿತ್ಸೆ ನಡೆಯುತ್ತಿದ್ದಾಗಲೇ, ಚಿತ್ರೀಕರಣಕ್ಕೆ ಹೋದರು. ಮರಳಿ ಬಂದು ಕೆಲವೇ ತಿಂಗಳಲ್ಲಿ ಮತ್ತೆ ಬಣ್ಣ ಹಚ್ಚಿದರು. 1986ರ 'ಆನಂದ್'ನಿಂದ ಇಲ್ಲಿಯವರೆಗೆ ನೂರ ಇಪ್ಪತ್ತೈದಕ್ಕೂ ಹೆಚ್ಚು ಚಿತ್ರ ಮಾಡಿದ ಮನುಷ್ಯನಿಗೆ ಕೆಲಸ ಎಂದರೆ ಉಸಿರಾಟ. ಅವರೊಬ್ಬರು ಸೆಟ್ಟಿಗೆ ಬಂದರೆ ಲೈಟ್‌ಬಾಯ್, ಮೇಕಪ್‌ನವರು, ಸಾಹಸ ಕಲಾವಿದರು, ಊಟದ ಗಾಡಿಯವರು ಎಂದು ನೂರಾರು ಮನೆಯಲ್ಲಿ ಒಲೆ ಉರಿಯುತ್ತದೆ. ನೀವು ಬೇಡ ಎಂದರೆ ಆ ಚಿತ್ರವೇ ಇಲ್ಲ ಎಂಬುದು ನಿಮ್ಮೆಲ್ಲರಿಗೂ ಗೊತ್ತು. ಬೇಡ ಎನ್ನುವುದು ಕಷ್ಟ.

ಬೇರೆಡೆಯ ಎರಡು ಸಂಗತಿಗಳನ್ನೂ ಮರೆಯಬಾರದು. ಹಾಲಿವುಡ್ಡಿನ ಬ್ರೂಸ್ ವಿಲ್ಲಿಸ್ 2021ರಲ್ಲಿ ಎಂಟು ಅಗ್ಗದ ಚಿತ್ರಗಳಲ್ಲಿ ಕಾಣಿಸಿಕೊಂಡರು. ವರ್ಷದ ಕೆಟ್ಟ ಚಿತ್ರಗಳಿಗೆ ಪ್ರಶಸ್ತಿ ಕೊಟ್ಟು ನಗುವ ರಾಜೀಸ್ ಎಂಬ ಕೂಟವು ಅವರೊಬ್ಬರಿಗೇ ಪ್ರತ್ಯೇಕ ವಿಭಾಗ ಮಾಡಿತು. 2022ರ ಮಾರ್ಚ್ ಕೊನೆಗೆ ಅವರ ಮನೆಯವರು ಅವರಿಗೆ ಅಫೇಸಿಯಾ ಇದೆ, ಮಾತು ಮತ್ತು ಗ್ರಹಿಕೆ ಕುಂದುತ್ತಿದೆ, ನಟನೆಯಿಂದ ದೂರ ಸರಿಯುತ್ತಾರೆ ಎಂದು ತಿಳಿಸಿದರು. ಆ ಕೂಟ ಪ್ರಶಸ್ತಿಯನ್ನು ಹಿಂತೆಗೆದುಕೊಂಡಿತು. ಅಲ್ ಪಚೀನೋ 2024ರಲ್ಲಿ ಬಂದ ತಮ್ಮ ಆತ್ಮಕಥೆಯಲ್ಲಿ, ಲೆಕ್ಕಪತ್ರ ನೋಡಿಕೊಳ್ಳುವವನನ್ನು ನಂಬಿ ಗಳಿಸಿದ್ದೆಲ್ಲ ಕರಗಿಹೋದ ಮೇಲೆ ಎಪ್ಪತ್ತರ ವಯಸ್ಸಿನಲ್ಲಿ ಹಣಕ್ಕಾಗಿ ಚಿತ್ರ ಒಪ್ಪಿಕೊಂಡದ್ದನ್ನು ಬಚ್ಚಿಡದೆ ಬರೆದಿದ್ದಾರೆ. ಒಬ್ಬ ಮುದುಕ ನಟ ಯಾಕೆ ಕೆಟ್ಟ ಚಿತ್ರ ಮಾಡಿದ ಎಂಬುದಕ್ಕೆ ಒಳಮನೆಯ ಕಾರಣಗಳಿರುತ್ತವೆ. ಆದ್ದರಿಂದ ಈ ಪತ್ರದಲ್ಲಿ ನಿಮ್ಮನ್ನು ಹಂಗಿಸುವ ಮಾತಿಲ್ಲ.

ಕೇಳುವುದು ಬೇರೆ. ವಯಸ್ಸಾಯಿತು ಎಂದು ತೆರೆಯಿಂದ ಇಳಿಯಿರಿ ಎಂದು ನಾವು ಹೇಳುತ್ತಿಲ್ಲ. ನಿಮ್ಮ ವಯಸ್ಸನ್ನು ತೆರೆಯ ಮೇಲೆ ತನ್ನಿ ಎಂದು ಕೇಳುತ್ತಿದ್ದೇವೆ.

ಇದು ಓಡುವುದಿಲ್ಲ, ಜನ ನಿಮ್ಮನ್ನು ಹಾಗೆ ನೋಡಲು ಒಪ್ಪುವುದಿಲ್ಲ ಎಂದು ನಿಮ್ಮ ಸುತ್ತಲಿನವರು ಹೇಳುತ್ತಾರೆ. ಅವರನ್ನು ಮನೆಮನೆಯಲ್ಲಿ ಧಾರಾವಾಹಿ ಓಡುವ ಸಂಜೆಯ ಹೊತ್ತಿಗೆ ನಮ್ಮ ಬೀದಿಯಲ್ಲಿ ನಡೆಸಿಕೊಂಡು ಬನ್ನಿ. 2021ರ ಕೊನೆಯಲ್ಲಿ ಜೀ ಕನ್ನಡದಲ್ಲಿ ಶುರುವಾದ 'ಪುಟ್ಟಕ್ಕನ ಮಕ್ಕಳು' ಧಾರಾವಾಹಿಯನ್ನು ಹೊತ್ತು ನಡೆಸಿದವರು 1957ರಲ್ಲಿ ಹುಟ್ಟಿದ ಉಮಾಶ್ರೀ. ಗಂಡ ಬಿಟ್ಟುಹೋದ, ಮೆಸ್ ನಡೆಸಿ ಮೂವರು ಹೆಣ್ಣುಮಕ್ಕಳನ್ನು ಸಾಕುವ ಹೆಂಗಸಿನ ಪಾತ್ರ. ಕನ್ನಡ ಕಿರುತೆರೆಯ ಪಟ್ಟಿಯಲ್ಲಿ ಅದು ಬಹುಕಾಲ ಮೇಲಿನ ಸ್ಥಾನದಲ್ಲೇ ಇತ್ತು. 2022ರಲ್ಲಿ ಆರಂಭವಾದ 'ಶ್ರೀರಸ್ತು ಶುಭಮಸ್ತು' ಧಾರಾವಾಹಿಯಲ್ಲಿ ಸುಧಾರಾಣಿ, ಮಗನಿಗೆ ಮದುವೆಯ ವಯಸ್ಸಾದ ಮೇಲೆ ತಾನೂ ಮರುಮದುವೆಯಾಗುವ ತುಳಸಿಯ ಪಾತ್ರ ಮಾಡಿದರು. ವಿಧವೆಯ ಮರುಮದುವೆ ಎಂದರೆ ಈಗಲೂ ಗುಸುಗುಸು ಎನ್ನುವ ಹಳ್ಳಿಗಳಲ್ಲಿ ಅತ್ತೆ ಸೊಸೆ ಒಟ್ಟಿಗೆ ಕೂತು ಆ ಮದುವೆಯನ್ನು ನೋಡಿದರು. ಸುಧಾರಾಣಿ ಯಾರು? 'ಆನಂದ್'ನ ನಾಯಕಿ. ಆ ಚಿತ್ರದ ನಾಯಕ ಇಂದಿಗೂ ನಾಯಕ. ನಾಯಕಿಗೆ ಚಿತ್ರರಂಗ ಎಂದೋ ತಾಯಿಯ ಪಾತ್ರ ಕೊಟ್ಟು ಕೂರಿಸಿತು. ಆಕೆ ಅದೇ ವಯಸ್ಸನ್ನು ಹಿಡಿದು ಮನೆಮನೆಯ ನಾಯಕಿಯಾದರು. ನಡುವಯಸ್ಸು ದಾಟಿದ ಹೆಂಗಸರಿಗೆ ಸಾಧ್ಯವಾದದ್ದು ನಿಮಗೆ ಯಾಕೆ ಸಾಧ್ಯವಿಲ್ಲ?

ಒಟಿಟಿಯಲ್ಲೂ ಹಾಗೆಯೇ ಆಯಿತು. 2021ರ ಅಕ್ಟೋಬರಿನಲ್ಲಿ ನೇರವಾಗಿ ಅಮೆಜಾನ್ ಪ್ರೈಮ್‌ನಲ್ಲಿ ಬಿಡುಗಡೆಯಾದ 'ರತ್ನನ್ ಪ್ರಪಂಚ'ದ ನಾಯಕ ಧನಂಜಯ. ಆದರೆ ನಮಗೆ ನೆನಪಿರುವುದು ಮಗನ ಬೆನ್ನು ಬಿಡದೆ ವಟಗುಟ್ಟುವ ತಾಯಿಯಾಗಿ ಉಮಾಶ್ರೀ. ಕನ್ನಡದಲ್ಲಿ ಮೊಬೈಲಿಗೆಂದೇ ಬಂದ ಚಿತ್ರಗಳಲ್ಲಿ ಹಿರಿಯ ಕಲಾವಿದರೊಬ್ಬರ ಅತ್ಯುತ್ತಮ ಪಾತ್ರ ಅದೇ ಎಂಬುದು ನನ್ನ ತೀರ್ಮಾನ.

ಗಂಡಸರಲ್ಲೂ ಉದಾಹರಣೆಗಳಿಲ್ಲವೆಂದಲ್ಲ, ನಿಮ್ಮ ಹಿರಿಯರೇ ಹಾಕಿಕೊಟ್ಟ ದಾರಿ ಇದೆ. 1989ರ 'ಪರಶುರಾಮ್' ಆದಮೇಲೆ ಡಾ. ರಾಜ್‌ಕುಮಾರ್ ಮೂರು ವರ್ಷ ಚಿತ್ರ ಮಾಡಲಿಲ್ಲ. ಮರಳಿ ಬಂದಾಗ ಅವರಿಗೆ ಅರವತ್ತಮೂರು. ಆ ಚಿತ್ರ 1992ರ 'ಜೀವನ ಚೈತ್ರ', ವಿಶಾಲಾಕ್ಷಿ ದಕ್ಷಿಣಾಮೂರ್ತಿಯವರ ಕಾದಂಬರಿ ಆಧರಿಸಿ ದೊರೆ-ಭಗವಾನ್ ಮಾಡಿದ್ದು. ಅದರಲ್ಲಿ ಅವರು ಯುವಕನಿಂದ ಮುದುಕನವರೆಗೆ ಒಂದು ಇಡೀ ಬಾಳನ್ನು ನಟಿಸಿದರು. ಊರಿನ ಸಾರಾಯಿ ಅಂಗಡಿಯ ವಿರುದ್ಧ ನಿಲ್ಲುವ ಯಜಮಾನ, ಮಕ್ಕಳಿಂದ ನೋಯುವ ತಂದೆ. ಅದರಲ್ಲಿನ ಹಾಡಿಗೆ ರಾಷ್ಟ್ರಪ್ರಶಸ್ತಿಯೂ ಬಂತು. 2000ದ 'ಶಬ್ದವೇಧಿ'ಯಲ್ಲಿ ಎಪ್ಪತ್ತರ ಆಸುಪಾಸಿನ ವಯಸ್ಸಿನಲ್ಲಿ ಪೊಲೀಸ್ ಅಧಿಕಾರಿಯಾದಾಗ ಅವರ ಮೇಲಿನ ಭಕ್ತಿಯಿಂದ ನೋಡಿದೆವು. 'ಜೀವನ ಚೈತ್ರ'ವನ್ನು ಭಕ್ತಿಯ ಹಂಗಿಲ್ಲದೆ ಈಗಲೂ ನೋಡುತ್ತೇವೆ. ತಮ್ಮ ಕೊನೆಯ ಚಿತ್ರವಾದ 'ಶಬ್ದವೇಧಿ'ಯ ನಂತರ ಅವರು ಆರು ವರ್ಷ ಬದುಕಿದ್ದರು. ಆಗ ಅವರ ಹೆಸರಿಗೆ ಎಷ್ಟು ಬೇಕಾದರೂ ಹಣ ಸುರಿಯುವವರಿದ್ದರು. ಮತ್ತೊಂದು ಚಿತ್ರ ಬರಲಿಲ್ಲ.

ವಿಷ್ಣುವರ್ಧನ್ ತೀರಿಕೊಳ್ಳುವ ಎರಡು ವರ್ಷ ಮೊದಲು, 2007ರಲ್ಲಿ, ನಾಗತಿಹಳ್ಳಿ ಚಂದ್ರಶೇಖರರ 'ಮಾತಾಡ್ ಮಾತಾಡು ಮಲ್ಲಿಗೆ'ಯಲ್ಲಿ ಹೂವಯ್ಯ ಎಂಬ ಹೂವಿನ ರೈತನಾದರು. ಗಣಿ ಕಂಪನಿಯ ಎದುರು ಹೊಲ ಉಳಿಸಿಕೊಳ್ಳಲು ಹೋರಾಡುವ ಪಾತ್ರ. ಚಿಕ್ಕಬಳ್ಳಾಪುರದ ಹೂವಿನ ಮಾರುಕಟ್ಟೆಗೆ ಸೇವಂತಿಗೆ, ಗುಲಾಬಿ ಒಯ್ದು ಬೆಲೆಯಿಲ್ಲದೆ ರಸ್ತೆಗೆ ಸುರಿದು ಬಂದವರಿಗೆ ಆ ಹೂವಯ್ಯ ಯಾರೆಂದು ವಿವರಿಸಬೇಕಾಗಿಲ್ಲ. ಅಂಬರೀಶ್ ತಾವೇ ನಾಯಕರಾಗಿ ಕೊನೆಗೆ ಮಾಡಿದ ಚಿತ್ರದ ಹೆಸರೇ 'ಅಂಬಿ ನಿಂಗ್ ವಯಸ್ಸಾಯ್ತೋ'. ಮಗನ ಮನೆಯಲ್ಲಿ ಕಟ್ಟಿಹಾಕಿದಂತಾಗಿ, ಬೈಕ್ ಹತ್ತಿ ಮೊದಲ ಪ್ರೀತಿಯನ್ನು ಹುಡುಕಿಕೊಂಡು ಹೊರಡುವ ನಿವೃತ್ತ ಸಾಹಸ ಕಲಾವಿದ. 2018ರ ಸೆಪ್ಟೆಂಬರ್ 27ಕ್ಕೆ ತೆರೆಕಂಡಿತು. ನವೆಂಬರ್ 24ಕ್ಕೆ ಅಂಬರೀಶ್ ಇಲ್ಲವಾದರು. ತಮಿಳಿನ ರೀಮೇಕ್ ಆದರೂ, ಏದುಸಿರು ಬಿಡುತ್ತ ನಗುವ ಆ ಮುಖ ಅವರದೇ. ರೆಬೆಲ್ ಸ್ಟಾರ್ ಎಂದು ಕರೆಸಿಕೊಂಡ ಮನುಷ್ಯ ತನಗೆ ವಯಸ್ಸಾಯಿತೆಂದು ಪೋಸ್ಟರಿನಲ್ಲೇ ಬರೆಸಿಕೊಂಡದ್ದು ದೊಡ್ಡ ಧೈರ್ಯ.

ಇನ್ನು ಅನಂತನಾಗ್. 2016ರ 'ಗೋಧಿ ಬಣ್ಣ ಸಾಧಾರಣ ಮೈಕಟ್ಟು' ಚಿತ್ರದ ವೆಂಕೋಬರಾವ್ ಮರೆವಿನ ಕಾಯಿಲೆಯಲ್ಲಿ ಕಳೆದುಹೋಗುವ ಅಪ್ಪ. ಆಗ ಅನಂತನಾಗ್ ಅವರಿಗೆ ಅರವತ್ತೇಳು. ಫೈಟಿಲ್ಲ, ಪ್ರವೇಶದ ಗದ್ದಲವಿಲ್ಲ. ಅದನ್ನು ಮಾಡಿದ ಹೇಮಂತ್ ರಾವ್‌ಗೆ ಅದು ಮೊದಲ ಚಿತ್ರ. ನಮ್ಮ ಕಡೆ ಆ ಸಿನಿಮಾ ನೋಡಿದವರು ತಮ್ಮ ತಂದೆಯ ಶರ್ಟಿನ ಜೇಬಿನಲ್ಲಿ ಫೋನ್ ನಂಬರ್ ಬರೆದಿಟ್ಟರು. ಒಬ್ಬ ನಟ ಇದಕ್ಕಿಂತ ಹೆಚ್ಚಿನದೇನು ಮಾಡಬೇಕು?

ನಮ್ಮದು ಗಡಿಸೀಮೆ, ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಆಚೆಯ ತೆಲುಗು ನಾಯಕರನ್ನೂ ನಿಮ್ಮಷ್ಟೇ ಹತ್ತಿರದಿಂದ ನೋಡುವವರು. ಬಾಲಕೃಷ್ಣರ 'ಅಖಂಡ 2'ರ ಟ್ರೇಲರ್ 2025ರ ನವೆಂಬರಿನಲ್ಲಿ ಬಿಡುಗಡೆಯಾದದ್ದು ಇದೇ ಚಿಕ್ಕಬಳ್ಳಾಪುರದಲ್ಲಿ, ನಮ್ಮ ಶಿವಣ್ಣ, ಅಂದರೆ ಶಿವರಾಜ್‌ಕುಮಾರ್ ಅವರೇ ಅತಿಥಿ. ಆ ಜನಸಾಗರ ಕಂಡವರಿಗೆ, ಅರವತ್ತು ದಾಟಿದ ನಾಯಕರ ಮೇಲೆ ಇಲ್ಲಿನವರಿಗೆ ಎಷ್ಟು ಪ್ರೀತಿ ಇದೆ ಎಂದು ಹೇಳಬೇಕಾಗಿಲ್ಲ. ಆದರೆ ಆ ಪ್ರೀತಿ ಏನನ್ನು ಬೇಕಾದರೂ ನುಂಗುವುದಿಲ್ಲ. ಮನೆಮಂದಿಯೆಲ್ಲ ಕೂತು ನೋಡಬಹುದಾದ ನಟ ಎಂದು ಹೆಸರಾಗಿದ್ದ ವೆಂಕಟೇಶ್ 2021ರಲ್ಲಿ ಪ್ರೈಮ್‌ಗೆ ನೇರವಾಗಿ ಬಂದ 'ನಾರಪ್ಪ'ದಲ್ಲಿ, ನಮ್ಮ ಪಕ್ಕದ ಅನಂತಪುರ ಸೀಮೆಯ ಮುದಿಯಾಗುತ್ತಿರುವ ರೈತನಾಗಿ, ಮಗನಿಗಾಗಿ ಊರವರ ಕಾಲಿಗೆ ಬೀಳುವ ತಂದೆಯಾಗಿ ನಮ್ಮನ್ನು ಅಳಿಸಿದರು. 2023ರಲ್ಲಿ ನೆಟ್‌ಫ್ಲಿಕ್ಸ್‌ನ 'ರಾಣಾ ನಾಯ್ಡು' ಬಂದಾಗ ಅದರ ಬೈಗುಳ ಕೇಳಲಾರದೆ ಅವರ ಅಭಿಮಾನಿಗಳೇ ಮುಖ ತಿರುಗಿಸಿದರು. ಅದೇ ನಟ, ಅದೇ ಪುಟ್ಟ ಪರದೆ, ಬದಲಾದದ್ದು ಪಾತ್ರ. ಮಲಯಾಳದ ಮಮ್ಮೂಟ್ಟಿ ಎಪ್ಪತ್ತು ದಾಟಿದ ಮೇಲೆ 'ಕಾದಲ್', 'ನನ್‌ಪಗಲ್ ನೇರತ್ತು ಮಯಕ್ಕಂ' ಚಿತ್ರಗಳನ್ನು ತಮ್ಮದೇ ಸಂಸ್ಥೆಯಿಂದ ಮಾಡಿದರು, 'ಭ್ರಮಯುಗಂ' ಎಂಬ ಕಪ್ಪು-ಬಿಳುಪು ಚಿತ್ರದಲ್ಲಿ ಹಲ್ಲು ಕರೆಗಟ್ಟಿದ ಕ್ರೂರ ಮುದುಕನಾದರು. ಅವರ ಹಣ, ಅವರ ಹೆಸರು ಕಿರಿಯ ನಿರ್ದೇಶಕರಿಗೆ ನೆರಳಾಯಿತು. ನಿಮ್ಮಲ್ಲಿ ಹಲವರಿಗೆ ಸ್ವಂತ ನಿರ್ಮಾಣ ಸಂಸ್ಥೆಗಳಿವೆ.

ಮುಖವನ್ನು ಕಂಪ್ಯೂಟರಿನಲ್ಲಿ ಎಳೆಯದಾಗಿಸಬಹುದು ಎಂದು ನಿಮಗೆ ಹೇಳುವವರಿರುತ್ತಾರೆ. ನೆಟ್‌ಫ್ಲಿಕ್ಸ್ 2019ರಲ್ಲಿ 'ದಿ ಐರಿಷ್‌ಮನ್' ಚಿತ್ರಕ್ಕಾಗಿ ಎಪ್ಪತ್ತಾರರ ರಾಬರ್ಟ್ ಡಿ ನೀರೋ ಅವರ ಮುಖವನ್ನು ಅಪಾರ ಖರ್ಚಿನಲ್ಲಿ ಎಳೆಯದಾಗಿಸಿತು. ಅಂಗಡಿಯವನನ್ನು ಬೀದಿಯಲ್ಲಿ ಒದೆಯುವ ದೃಶ್ಯದಲ್ಲಿ ಕಾಲು ಮಾತ್ರ ಮುದುಕನದಾಗಿಯೇ ಇತ್ತು. ಜಗತ್ತೆಲ್ಲ ಅದನ್ನು ಗಮನಿಸಿತು. ಚಿತ್ರದ ಕೊನೆಯ ಭಾಗದಲ್ಲಿ ಅವರು ನಿಜವಾದ ಮುದುಕನಾಗಿ ತನ್ನ ಶವಪೆಟ್ಟಿಗೆಯನ್ನು ತಾನೇ ಆರಿಸುತ್ತಾರೆ, ಮಾತು ಬಿಟ್ಟ ಮಗಳ ಹಿಂದೆ ಕುಂಟುತ್ತ ಹೋಗುತ್ತಾರೆ. ಆ ಭಾಗದಲ್ಲಿ ಮುಖ ಎಳೆಯದಾಗಿಸುವ ತಂತ್ರಜ್ಞಾನ ಬೇಕಾಗಲಿಲ್ಲ. ನಿಮಗೂ ಬೇಡ. 2023ರ 'ಜೈಲರ್'ನಲ್ಲಿ ಶಿವಣ್ಣ ಪಂಚೆ ಉಟ್ಟು, ಗಡ್ಡ ಬಿಟ್ಟು, ಕೆಲವೇ ನಿಮಿಷ ಬಂದು ಹೋದಾಗ ತಮಿಳುನಾಡಿನ ಚಿತ್ರಮಂದಿರಗಳೂ ಎದ್ದು ನಿಂತವು. ತೆಲುಗಿನಲ್ಲಿ ಅವರು ಸೈಕಲ್ಲಿನಲ್ಲಿ ಓಡಾಡಿದ ಶಾಸಕ ಗುಮ್ಮಡಿ ನರಸಯ್ಯನವರ ಪಾತ್ರ ಒಪ್ಪಿದ್ದಾರೆಂದು ಓದಿ ಸಂತೋಷವಾಯಿತು. ಅಂಥದ್ದು ಕನ್ನಡದಲ್ಲಿ ಯಾಕೆ ಆಗುತ್ತಿಲ್ಲ ಎಂಬ ನೋವೂ ಆಯಿತು.

ಪಾತ್ರಗಳಿಲ್ಲ ಎನ್ನಬೇಡಿ. ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯೊಂದರಲ್ಲೇ ಎಷ್ಟಿವೆ ನೋಡಿ. ಸಾವಿರ ಅಡಿ ದಾಟಿದರೂ ನೀರು ಬರದ ಕೊಳವೆಬಾವಿಯ ಪಕ್ಕ ರಾತ್ರಿಯಿಡೀ ಕೂರುವ ಅರವತ್ತರ ರೈತನಿದ್ದಾನೆ. ಬೆಂಗಳೂರಿನ ಸಂಸ್ಕರಿಸಿದ ನೀರು ಕೆರೆಗೆ ಬಂದ ದಿನ ಕುಣಿದು, ಅದು ಕುಡಿಯಲು ಆಗದ ನೀರೆಂದು ಮೊಮ್ಮಗಳಿಗೆ ಹೇಳಬೇಕಾದವನೂ ಅವನೇ. ಬಿಸಿನೀರಿನ ಬಾಣಲೆಯಲ್ಲಿ ನಲವತ್ತು ವರ್ಷ ಬೆರಳದ್ದಿ ನೂಲು ತೆಗೆದು ಕೈಬೆರಳು ಸೆಟೆದ ರೀಲರ್ ಇದ್ದಾನೆ. ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಧ್ವಜ ಹಿಡಿದ ಜನರ ಮೇಲೆ ಗುಂಡು ಹಾರಿತು. ಅದನ್ನು ಹುಡುಗನಾಗಿ ಕಂಡು ಮುದುಕನಾದವನ ಕಥೆಯೊಂದೇ ಎರಡು ಗಂಟೆ ನಿಮ್ಮನ್ನು ದುಡಿಸಿಕೊಂಡೀತು. ಅದೇ ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯನವರಿದ್ದಾರೆ. ಬಡತನದಲ್ಲಿ ಬೆಂಗಳೂರಿಗೆ ಓದಲು ನಡೆದು ಬಂದ ಹುಡುಗ, ಜೈಲು ಕಂಡ ಸ್ವಾತಂತ್ರ್ಯ ಹೋರಾಟಗಾರ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ 1976ರಲ್ಲಿ ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದ ಎದೆಗಾರ, ಕೊನೆಯವರೆಗೂ ನ್ಯಾಷನಲ್ ಕಾಲೇಜಿನ ಹಾಸ್ಟೆಲಿನ ಕೋಣೆಯಲ್ಲೇ ಖಾದಿ ಉಟ್ಟು ಬದುಕಿದ ಒಂಟಿ. 2005ರಲ್ಲಿ ತೀರಿಕೊಂಡರು. ನಿಮ್ಮಲ್ಲಿ ಯಾರಾದರೊಬ್ಬರು ಆ ಗಾಂಧಿ ಟೋಪಿ ಧರಿಸಿದರೆ ಸಾಕು.

ಇಂಥದ್ದನ್ನು ಯಾರು ನೋಡುತ್ತಾರೆ ಎಂಬ ಪ್ರಶ್ನೆಗೂ ಉತ್ತರ ಸಿಕ್ಕಿದೆ. 2025ರ ಜುಲೈನಲ್ಲಿ 'ಸು ಫ್ರಂ ಸೋ' ಬಂತು. ದೊಡ್ಡ ಸ್ಟಾರ್ ಒಬ್ಬರೂ ಇಲ್ಲ, ಕರಾವಳಿಯ ಒಂದು ಹಳ್ಳಿಯ ಕಥೆ. ನಮ್ಮ ತೆಲುಗು ಬೆರೆತ ಕಿವಿಗೆ ಆ ಮಂಗಳೂರು ಕನ್ನಡ ದೂರದ್ದು. ಆದರೂ ಇಲ್ಲಿಂದ ಜನ ಗಾಡಿ ಮಾಡಿಕೊಂಡು ಹೋಗಿ ನೋಡಿ ಬಂದರು. ನಮಗೆ ಕಥೆ ಬೇಕು, ಅದರೊಳಗೆ ನೀವೂ ಬೇಕು.

ಹಾಗಾಗಿ ಕೇಳಿಕೊಳ್ಳುವುದು ಇಷ್ಟು. ಮೂರು ಚಿತ್ರ ಒಪ್ಪಿಕೊಂಡರೆ ಅದರಲ್ಲೊಂದು ನಿಮ್ಮ ನಿಜವಾದ ವಯಸ್ಸಿನದಾಗಿರಲಿ, ಹೊಸ ನಿರ್ದೇಶಕರದಾಗಿರಲಿ. ಒಟಿಟಿ ಸಂಸ್ಥೆಗಳು ನಿಮ್ಮ ಹೆಸರು ಕೇಳಿ ಬಂದಾಗ, ಜೊತೆಗೆ ಇನ್ನೊಂದು ಸಣ್ಣ ಕನ್ನಡ ಚಿತ್ರವನ್ನೂ ಕೊಳ್ಳಬೇಕೆಂದು ಷರತ್ತು ಹಾಕಿ. ಆ ಷರತ್ತು ಹಾಕುವ ಶಕ್ತಿ ಕನ್ನಡದಲ್ಲಿ ನಿಮಗೆ ಬಿಟ್ಟರೆ ಬೇರೆ ಯಾರಿಗೂ ಇಲ್ಲ. ನಾವು ಎಷ್ಟು ಹೊತ್ತು ನೋಡಿದೆವೆಂಬ ಲೆಕ್ಕವನ್ನು ಕರಾರಿನಲ್ಲೇ ಬರೆಸಿ ತರಿಸಿಕೊಳ್ಳಿ. 2025ರ ಬಜೆಟ್ಟಿನಲ್ಲಿ ರಾಜ್ಯ ಸರ್ಕಾರ ಕನ್ನಡ ಚಿತ್ರಗಳಿಗಾಗಿ ತನ್ನದೇ ಒಟಿಟಿ ವೇದಿಕೆ ಎಂದು ಘೋಷಿಸಿತು. ಕೇರಳ 'ಸಿ ಸ್ಪೇಸ್' ಹೆಸರಿನಲ್ಲಿ ಅದನ್ನು 2024ರ ಮಾರ್ಚ್‌ನಲ್ಲೇ ಮಾಡಿ ತೋರಿಸಿದೆ. ನೀವು ಒಟ್ಟಾಗಿ ವಿಧಾನಸೌಧಕ್ಕೆ ಹೋಗಿ ಕೇಳಿದರೆ ಆ ಕಡತ ಮುಂದೆ ಸರಿಯುತ್ತದೆ.

ಮುಂದಿನ ಕಥೆಗಾರ ನಿಮ್ಮ ಮುಂದೆ ಕೂತಾಗ ದಯವಿಟ್ಟು ಒಂದು ಪ್ರಶ್ನೆ ಕೇಳಿ: ನನ್ನ ಪಾತ್ರಕ್ಕೆ ವಯಸ್ಸೆಷ್ಟು? ಅವನು ಮೂವತ್ತೈದು ಎಂದರೆ ಕಾಫಿ ಕೊಟ್ಟು ಕಳಿಸಿ. ಅರವತ್ತೆರಡು ಎಂದರೆ ಕೂರಿಸಿಕೊಂಡು ಪೂರ್ತಿ ಕೇಳಿ. ಆ ಚಿತ್ರ ಬಂದ ದಿನ ನಾವು ಮೊಬೈಲಿಗೆ ಬರುವವರೆಗೆ ಕಾಯುವುದಿಲ್ಲ, ಟಿಕೆಟ್ ತೆಗೆದುಕೊಂಡು ಬರುತ್ತೇವೆ.

ಇತಿ,
ದಿಬ್ಬೂರಹಳ್ಳಿಯ ನಿಮ್ಮ ಹಳೆಯ ಪ್ರೇಕ್ಷಕ